ಒಳಲೆಯ ಹನಿಗಳು

ಪುಟ್ಟಿ,

ಮಗುವನ್ನು ನೋಡಿದರೂ ಏನೂ ಅನ್ನಿಸುತ್ತಿಲ್ಲ ಅಂದೆಯಲ್ಲ, ಅದು ನಿನ್ನ ತಪ್ಪಲ್ಲ. ಹೆರಿಗೆಯಾದ ಮೇಲೆ ಗರ್ಭಕೋಶ ಕಲ್ಲಿನಂತೆ ಬಿಗಿದುಕೊಳ್ಳಬೇಕು. ಆಗಲೇ ಮಾಸು ಬಿಟ್ಟ ಜಾಗದ ರಕ್ತನಾಳಗಳು ಮುಚ್ಚಿಕೊಳ್ಳೋದು. ನಿನ್ನದು ಬಿಗಿಯಲಿಲ್ಲ. ಅರ್ಧ ಲೀಟರ್ ಹೋದರೇ ಅತಿರಕ್ತಸ್ರಾವ ಅಂತಾರೆ, ನಿನಗೆ ಎರಡು ಲೀಟರ್ ಹೋಗಿತ್ತು. ಉಸಿರು ಉಳಿಸಿಕೊಳ್ಳೋದರಲ್ಲೇ ಸೋತ ಮೈ ಅದು. ಕೈ ಮೊದಲು ಮಗುವಿನ ಕೆಲಸ ಮಾಡಲಿ, ಮನಸ್ಸು ನಿಧಾನಕ್ಕೆ ಬರುತ್ತೆ.

ರಕ್ತ ಹೆಚ್ಚು ಹೋದವರಿಗೆ ಹಾಲು ಇಳಿಯೋದು ಮೂರು ದಿನ ದಾಟಬಹುದು. ಕಾಯುತ್ತಾ ಕೂರಬೇಡ. ದಿನಕ್ಕೆ 8 ಸಲ, ಅದರಲ್ಲಿ ಒಮ್ಮೆಯಾದರೂ ರಾತ್ರಿ, ಕೈಯಿಂದ ಹಿಂಡು. ಹೆಬ್ಬೆರಳು, ತೋರುಬೆರಳನ್ನು ತೊಟ್ಟಿನಿಂದ 2-3 ಸೆಂಟಿಮೀಟರ್ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತು, ಆಮೇಲೆ ಬೆರಳು ಕೂಡಿಸು, ಬಿಡು. ಬೆರಳು ಚರ್ಮದ ಮೇಲೆ ಜಾರಿದರೆ ಉರಿ ಮಾತ್ರ, ಹಾಲಿಲ್ಲ. ಮೊದಲು ಬರೋ ಹಳದಿ ಗಿಣ್ಣುಹಾಲು ಹನಿ ಲೆಕ್ಕವೇ, ಚೆಲ್ಲಬೇಡ. ಮಗುವನ್ನು ಅರ್ಧ ಎತ್ತಿ ಹಿಡಿದು ಒಳಲೆಯಿಂದ, ಅದೇ ಮೂತಿ ಇರೋ ಪುಟ್ಟ ಬಟ್ಟಲಿನಿಂದ, ಬಾಯಿಯ ಪಕ್ಕಕ್ಕೆ ಬಿಡು. ಮಲಗಿಸಿ ಸುರಿದರೆ ನೆತ್ತಿಗೆ ಹತ್ತುತ್ತೆ. ಬೆಳ್ಳಿ ಒಳಲೆ ಬೀರುವಿನಲ್ಲೇ ಇರಲಿ, ಕುದಿಸೋಕೆ ಸ್ಟೀಲಿನದೇ ಸಲೀಸು. ಸಾಲದಿದ್ದರೆ ಡಾಕ್ಟರು ಹೇಳಿದಷ್ಟು ಮೇಲುಹಾಲು ಕೊಡು, ನಾಚಿಕೆ ಏನಿದೆ? ವಾರ ಕಳೆದರೂ ಎದೆ ತುಂಬದಿದ್ದರೆ ಹಾರ್ಮೋನ್ ಪರೀಕ್ಷೆ ಕೇಳು. ಅಪರೂಪಕ್ಕೆ ರಕ್ತದ ಕೊರತೆಯಿಂದ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೇ ಪೆಟ್ಟಾಗುತ್ತೆ. ಶೀಹನ್ ಸಿಂಡ್ರೋಮ್ ಅಂತಾರೆ. ಹಾಲು ಬಾರದಿರೋದೇ ಎಷ್ಟೋ ಸಲ ಅದರ ಮೊದಲ ಸುಳಿವು.

ಡೈಪರ್, ಟೋಪಿ ಬಿಟ್ಟು ಬೇರೇನೂ ಹಾಕದೆ ಮಗುವನ್ನು ನಿನ್ನ ಬರಿ ಎದೆಯ ಮೇಲೆ ನೆಟ್ಟಗೆ ಇಟ್ಟುಕೋ. ಕಾಲು ಕಪ್ಪೆಯ ಹಾಗೆ ಮಡಿಸಿರಲಿ, ತಲೆ ಒಂದು ಪಕ್ಕಕ್ಕೆ, ಮೂಗು-ಬಾಯಿ ಕಾಣುತ್ತಿರಲಿ. ಕೂತ ಮೇಲೆ ಒಂದು ಗಂಟೆ ಏಳಬೇಡ. ನಿನಗೆ ತಲೆ ಸುತ್ತಿದರೆ, ಕಣ್ಣು ಎಳೆದರೆ ಅಳಿಯಂದಿರು ಕೂರಲಿ.

ಕಬ್ಬಿಣದ ಮಾತ್ರೆ ಕಾಫಿ ಜೊತೆ ಬೇಡ, ನಿಂಬೆ ನೀರಿನ ಜೊತೆ ತಗೋ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ. ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಕೊಡಬಾರದು ಅಂದವರನ್ನು ನನ್ನ ಹತ್ತಿರ ಕಳಿಸು. ಗಂಟೆಗೊಂದು ಪ್ಯಾಡ್ ನೆನೆದರೆ, ದೊಡ್ಡ ಹೆಪ್ಪು ಬಿದ್ದರೆ 108ಕ್ಕೆ ಫೋನ್ ಮಾಡು. ಜ್ವರ 100.4 ದಾಟಿದರೆ ಅವತ್ತೇ ಆಸ್ಪತ್ರೆ.

ಆ ರಾತ್ರಿ ಮತ್ತೆ ಮತ್ತೆ ಕನಸಿಗೆ ಬಂದು ತಿಂಗಳಾದರೂ ಬಿಡದಿದ್ದರೆ, ಅಳು ಎರಡು ವಾರ ದಾಟಿದರೆ, ನಿಮ್ಹಾನ್ಸ್‌ಗೆ ಹೋಗೋಣ. ಅಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟು ನೋಡೋ ವಿಭಾಗ ಇದೆ. ಮನಸ್ಸಿನ ಕಷ್ಟಕ್ಕೆ ಫೋನಿನಲ್ಲೇ ನೆರವು ಕೊಡೋ ಸರ್ಕಾರದ ಟೆಲಿ ಮಾನಸ್ ನಂಬರು 14416. ನಿನ್ನನ್ನೋ ಮಗುವನ್ನೋ ನೋಯಿಸೋ ಯೋಚನೆ ಬಂದರೆ ದಿನ ಎಣಿಸಬೇಡ, ಆಗಲೇ ಕರೆ.

ಡಿಸ್ಚಾರ್ಜ್ ಸಮರಿ ಎತ್ತಿಡು. ರಕ್ತ ಯಾಕೆ ನಿಲ್ಲಲಿಲ್ಲ, ಎಷ್ಟು ಬಾಟಲಿ ಕೊಟ್ಟರು ಅಂತ ಡಾಕ್ಟರನ್ನು ಕೂರಿಸಿಕೊಂಡು ಕೇಳಬೇಕು. ಶನಿವಾರ ನಿಂಬೆಹಣ್ಣು, ಸ್ಟೀಲ್ ಒಳಲೆ ತರ್ತೀನಿ.

ಅಮ್ಮ