ಗಡ್ಡದ ಪಾತ್ರ ಸಿಕ್ಕ ಮಗಳಿಗೆ

ದಾವಣಗೆರೆ,
ಭಾನುವಾರ

ಪ್ರೀತಿಯ ಪುಟ್ಟಿ,

‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದಲ್ಲಿ ಜೂಲಿಯೆಟ್ ಆಗಬೇಕೆಂದಿದ್ದ ನಿನಗೆ ಸನ್ಯಾಸಿ ಲಾರೆನ್ಸನ ಪಾತ್ರ ಬಂತೆಂದು ಹೇಳುವಾಗ ಫೋನಿನಲ್ಲೇ ನಿನ್ನ ದನಿ ಸೊರಗಿತ್ತು. ಗಡ್ಡ ಅಂಟಿಸಿಕೊಳ್ಳುವುದೊಂದು ಕಷ್ಟ, ನಿಜ. ನನಗಂತೂ ಅದೇ ದೊಡ್ಡ ಪಾತ್ರ.

ಅನಾಹುತಕ್ಕೆಲ್ಲ ಅವನೇ ಮೂಲ ಎಂದರಂತೆ ನಿಮ್ಮ ಮೇಷ್ಟ್ರು. ಅಷ್ಟು ಸಲೀಸಾಗಿ ನಾನು ಒಪ್ಪುವುದಿಲ್ಲ. ಆ ಇಬ್ಬರಿಗೆ ಗುಟ್ಟಾಗಿ ಮದುವೆ ಮಾಡಿಸಿದ್ದು ಎರಡು ಮನೆತನಗಳ ಹಗೆ ಕರಗಲಿ ಎಂದು. ಜೂಲಿಯೆಟ್ ಸತ್ತಿಲ್ಲ, ಅದು ಮದ್ದಿನ ನಿದ್ದೆ ಎಂದು ತಿಳಿಸುವ ಕಾಗದ ಮಾಂಟುವಾ ಊರಲ್ಲಿದ್ದ ರೋಮಿಯೋಗೆ ತಲುಪದಿದ್ದುದೂ ಅವನ ತಪ್ಪಲ್ಲ. ಒಯ್ಯಬೇಕಾದವನನ್ನು ಸೋಂಕಿನ ಶಂಕೆಯ ಮೇಲೆ ಮನೆಯೊಳಗೆ ಕೂಡಿಹಾಕಿದ್ದರು. 2020ರಲ್ಲಿ ನಮ್ಮ ಬೀದಿಗೆ ತಗಡು ಹೊಡೆದಾಗ ಎದುರುಮನೆಯವರ ಲಗ್ನಪತ್ರಿಕೆಗಳು ಕಟ್ಟಿನಲ್ಲೇ ಉಳಿದವಲ್ಲ, ಹಾಗೆ.

ನನ್ನ ತಕರಾರು ಬೇರೆ. ಹದಿನಾಲ್ಕು ತುಂಬದ ಆ ಹುಡುಗಿಗೆ ಅಪ್ಪ ಬೇರೆ ಗಂಡು ಗೊತ್ತುಮಾಡಿದಾಗ, ‘ಇವಳ ಮದುವೆ ಆಗಿದೆ, ಮಾಡಿಸಿದವನು ನಾನೇ’ ಎಂದು ಊರು ನಂಬುವಂತೆ ಹೇಳಬಲ್ಲವನು ಅವನೊಬ್ಬ. ಆ ಮಾತು ಆಡಲಾರದೆ, 42 ಗಂಟೆ ಸತ್ತಂತೆ ಮಲಗಿಸುವ ಮದ್ದು ಕೊಟ್ಟ. ಒಂದೇ ಹೂವಿನಲ್ಲಿ ವಿಷವೂ ಇದೆ, ಔಷಧವೂ ಇದೆ ಎಂದು ಬೆಳಗಿನ ಜಾವ ಬುಟ್ಟಿ ಹಿಡಿದು ಹೇಳಿಕೊಂಡವನಿಗೆ ತನ್ನ ಒಳ್ಳೆಯತನದ ಮೇಲೆ ಆ ಅನುಮಾನ ಬರಲಿಲ್ಲ.

ಅವನನ್ನು ಬಯ್ಯಲು ನನಗೇನು ಹಕ್ಕು? ಪಿಯುಸಿಯಲ್ಲಿ ನೀನು ವಿಜ್ಞಾನ ಬೇಡವೆಂದು ಅತ್ತಾಗ, ‘ಅಪ್ಪನಿಗೆ ಈಗಲೇ ಬೇಡ, ಸಮಯ ನೋಡಿ ನಾನೇ ಹೇಳುತ್ತೇನೆ’ ಎಂದಿದ್ದೆ. ಎಷ್ಟು ಸಂಜೆ ಅವರ ಮುಂದೆ ಮಂಡಕ್ಕಿ, ಮೆಣಸಿನಕಾಯಿ ಇಟ್ಟು ಮಾತು ನುಂಗಿದೆನೋ! ಫಲಿತಾಂಶದ ದಿನ ಅವರು ನಿನ್ನ ಮೇಲೆ ಕೂಗಾಡುವಾಗ, ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಆದ್ದರಿಂದ ಗೋರಿಯ ದೃಶ್ಯದಲ್ಲಿ, ಕಾವಲುಗಾರರ ಸದ್ದಿಗೆ ಹೆದರಿ ಆ ಹುಡುಗಿಯನ್ನು, ಅವಳು ಸತ್ತಳೆಂದೇ ನಂಬಿ ವಿಷ ಕುಡಿದ ಗಂಡನ ಹೆಣದ ಬಳಿ ಬಿಟ್ಟು ಹೋಗುವಾಗ, ಖಳನಂತೆ ಓಡಬೇಡ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಮೇಲಿನ ಮೆಟ್ಟಿಲಲ್ಲಿ ಕೂತ ನಮಗೂ ನಟರ ಬೆನ್ನು ಮಾತಾಡುವುದು ಕಾಣುತ್ತಿತ್ತಲ್ಲ? ಸಿಕ್ಕಿಬಿದ್ದ ಮೇಲೆ ಅವನು ನಡುಗುತ್ತಾನೆ, ಅಳುತ್ತಾನೆ, ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಆ ಅಳು ಹೊರಟ ಬೆನ್ನಿನಲ್ಲೇ ಶುರುವಾಗಲಿ.

ನಾಟಕಕ್ಕೆ ಇಬ್ಬರೂ ಬರುತ್ತೇವೆ. ಈ ಸಲ ಅಪ್ಪನಿಗೆ ಅಂದೇ ಹೇಳಿದೆ. ‘ಗಡ್ಡದ ಪಾತ್ರವೇ?’ ಎಂದರು, ಅಷ್ಟೇ.

ನಿನ್ನ
ಅಮ್ಮ