ನಾಯಿ ಕಚ್ಚಿದರೆ ದೂರು ತಗೊಳ್ಳೋರು ಯಾರು?

ಮಾನ್ಯ ಸಂಪಾದಕರೇ,

ಟ್ಯೂಷನ್ ಮುಗಿಸಿ ಬರುತ್ತಿದ್ದ ನಮ್ಮ ಪಕ್ಕದ ಮನೆ ಹುಡುಗನಿಗೆ ಮೊನ್ನೆ ಬೀದಿ ನಾಯಿ ಕಚ್ಚಿತು. ಮೀನಖಂಡಕ್ಕೆ ಎರಡು ಹಲ್ಲು ಊರಿ ರಕ್ತ ಬಂದಿತ್ತು. ಅವರಜ್ಜಿ ಸುಣ್ಣ ಹಚ್ಚೋಕೆ ಹೋದರು. ಬೇಡ ಅಂತ ತಡೆದು, ನಲ್ಲಿ ಕೆಳಗೆ ಕಾಲಿಡಿಸಿ 15 ನಿಮಿಷ ಸೋಪು ಹಾಕಿ ತೊಳೆದು, ಸೀದಾ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಚೆನ್ನಾಗಿಯೇ ನೋಡಿದರು. ರಕ್ತ ಬಂದಿದ್ದರಿಂದ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವೈರಸ್ ತಡೆಯೋ ಸಿದ್ಧ ಪ್ರತಿಕಾಯದ ಮದ್ದು) ಕೊಟ್ಟರು, ತೋಳಿಗೆ ರೇಬಿಸ್ ಲಸಿಕೆಯ ಮೊದಲ ಸೂಜಿ ಹಾಕಿದರು, ಉಳಿದವುಗಳ ತಾರೀಖು ಚೀಟಿಯಲ್ಲಿ ಬರೆದುಕೊಟ್ಟರು. ಹೊಕ್ಕುಳ ಸುತ್ತ 14 ಸೂಜಿ ಅನ್ನೋ ಕಾಲ ಯಾವತ್ತೋ ಹೋಯಿತು, ಆ ಭಯಕ್ಕೆ ಯಾರೂ ಮನೇಲಿ ಕೂರಬೇಡಿ.

ತೊಂದರೆ ಶುರುವಾಗಿದ್ದು ಆಮೇಲೆ. ಕಚ್ಚಿದ ನಾಯಿ ಅಲ್ಲೇ ಕೋಳಿ ಅಂಗಡಿ ಹಿಂದೆ ಓಡಾಡಿಕೊಂಡಿದೆ. ಸಂಜೆ ಅದೇ ದಾರೀಲಿ ಬೇರೆ ಮಕ್ಕಳೂ ಬರುತ್ತಾರೆ. ಯಾರಿಗಾದರೂ ಹೇಳಬೇಕಲ್ವಾ? ನಗರಸಭೆಗೆ ಹೋದರೆ ಪಶು ಆಸ್ಪತ್ರೆಗೆ ಹೋಗಿ ಅಂದರು. ಪಶು ಆಸ್ಪತ್ರೆಯವರು ಬೀದಿ ನಾಯಿ ನಗರಸಭೆಗೆ ಸೇರಿದ್ದು ಅಂದರು. ವಾಪಸ್ ಬಂದು ಅರ್ಜಿ ಕೊಟ್ಟರೆ, ಟೇಬಲ್ ಮೇಲಿಟ್ಟು ಹೋಗಿ, ನೋಡ್ತೀವಿ ಅಂದರು. ಸ್ವೀಕೃತಿ ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರು. ಸೂಜಿ ಹಾಕಿಸಿ ಆಯ್ತಲ್ಲಮ್ಮ, ಇನ್ನೇನು ಅಂತ ಹುಡುಗನ ತಾಯಿಯನ್ನೇ ಕೇಳಿದರು. ನನಗೆ ಸಿಟ್ಟು ತಡೆಯೋಕಾಗಲಿಲ್ಲ.

ಸೂಜಿ ಕಾಪಾಡೋದು ಆ ಒಬ್ಬ ಹುಡುಗನನ್ನು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಕಚ್ಚಿದ ನಾಯಿಗೆ ಕಾಯಿಲೆ ಇದೆಯಾ ಅಂತ ತಿಳಿಯೋಕೆ ಅದರ ಮೇಲೆ 10 ದಿನ ಕಣ್ಣಿಡಬೇಕು ಅನ್ನೋದು. ಹಾಗಂತ ಸೂಜಿಗೆ ಆ 10 ದಿನ ಕಾಯೋ ಹಾಗಿಲ್ಲ, ಅದು ಅವತ್ತೇ ಆಗಬೇಕು. ಆದರೆ ದೂರೇ ದಾಖಲಾಗದಿದ್ದರೆ ನಾಯಿ ಮೇಲೆ ಕಣ್ಣಿಡೋರು ಯಾರು? 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಸಂತಾನಹರಣ ಮಾಡಿಸೋದು, ರೇಬಿಸ್ ಲಸಿಕೆ ಹಾಕಿಸೋದು, ಕಡಿತದ ದೂರು ತಗೊಳ್ಳೋದು ಎಲ್ಲಾ ಸ್ಥಳೀಯ ಸಂಸ್ಥೆಯದೇ ಹೊಣೆ. ಮನುಷ್ಯರಿಗೆ ರೇಬಿಸ್ ಬಂದರೆ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ನಮ್ಮ ರಾಜ್ಯ ಸರ್ಕಾರ 2022ರಲ್ಲೇ ಆದೇಶ ಮಾಡಿದೆ. ಅದು ಜೀವ ಹೋಗೋ ಹೊತ್ತಿನ ವರದಿ. ನನಗೆ ಬೇಕಿರೋದು ಅದಕ್ಕಿಂತ ಮುಂಚಿನದು.

ನಮ್ಮ ಬೀದೀಲೇ ಕೆಲವರು ದೊಣ್ಣೆ ತಗೊಂಡು ಹೊರಟಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಅದು ಅಪರಾಧ, ಕ್ರೂರ ಕೂಡ, ಮೇಲಾಗಿ ನಾಯಿ ಸತ್ತರೆ ಅದಕ್ಕೆ ಕಾಯಿಲೆ ಇತ್ತೋ ಇಲ್ವೋ ಅಂತ ನೋಡಿಕೊಂಡು ತಿಳಿಯೋ ದಾರಿಯೇ ಮುಚ್ಚಿಹೋಗುತ್ತೆ. ಅದರ ಬದಲು ಎಲ್ಲಿ, ಎಷ್ಟು ಹೊತ್ತಿಗೆ ಕಚ್ಚಿತು, ನಾಯಿ ಬಣ್ಣ ಯಾವುದು, ಆಪರೇಷನ್ ಆದ ಗುರುತಿಗೆ ಕಿವಿ ತುದಿ ಕತ್ತರಿಸಿದೆಯಾ ಅಂತ ಬರೆದು, ಆಸ್ಪತ್ರೆ ಚೀಟಿಯ ಜೆರಾಕ್ಸ್ ಜೊತೆ ಕೊಡಿ. ಸಾಕಿದ ನಾಯಿ ಆದರೆ 'ಎಲ್ಲಾ ಇಂಜೆಕ್ಷನ್ ಆಗಿದೆ' ಅನ್ನೋ ಬಾಯಿಮಾತು ಸಾಲದು, ಲಸಿಕೆ ಪುಸ್ತಕ ತೋರಿಸೋಕೆ ಹೇಳಿ. ಪರಿಚಯದವರು ಅಂತ ಮುಲಾಜಿಗೆ ಸುಮ್ನಿರಬೇಡಿ.

ಪೌರಾಯುಕ್ತರಲ್ಲಿ ನನ್ನ ಬೇಡಿಕೆ ಇಷ್ಟೇ. ನಾಯಿ ಕಡಿತದ ದೂರಿಗೆ ಒಬ್ಬ ಸಿಬ್ಬಂದಿ, ಒಂದು ರಿಜಿಸ್ಟರ್ ಇಡಿ, ಕೊಟ್ಟವರಿಗೆ ಸ್ವೀಕೃತಿ ಕೊಡಿ. ಸೂಜಿಗೆ ಬಂದವರ ಬೀದಿ ಹೆಸರು ಆಸ್ಪತ್ರೆಯಿಂದ ಅವತ್ತೇ ನಿಮಗೆ ತಲುಪುವ ಹಾಗೆ ಮಾಡಿ. ಕೋಳಿ ಅಂಗಡಿ ಹಿಂದಿನ ಆ ನಾಯಿಯನ್ನು ನೋಡೋಕೆ ಇವತ್ತೇ ಯಾರನ್ನಾದರೂ ಕಳಿಸಿ.

- ಒಬ್ಬ ಓದುಗ, ತುಮಕೂರು ಜಿಲ್ಲೆ