ರೂಮ್ ಬುಕ್ ಮಾಡುವ ಮೊದಲು

ಎಲ್ಲರಿಗೂ ನಮಸ್ಕಾರ. ಮುಂದಿನ ಪ್ರವಾಸಕ್ಕೆ ರೂಮ್ ಹುಡುಕುತ್ತಿದ್ದೀರಿ, ಅಲ್ವಾ? ದುಡ್ಡು ಕಟ್ಟುವ ಮೊದಲು ಒಂದು ಮಾತು. ನಾವು ಕೊಡುವ ಹಣದಲ್ಲಿ ಆ ಊರಿನವರ ಕೈಗೆ ಎಷ್ಟು ಸೇರುತ್ತದೆ ಅಂತ ದಯವಿಟ್ಟು ವಿಚಾರಿಸಿ.

ಎಲ್ಲಾ ಸೇರಿದ ಪ್ಯಾಕೇಜ್ ತಗೊಂಡರೆ ದೊಡ್ಡ ಪಾಲು ಹೊರಗಿನ ಕಂಪನಿಗಳಿಗೇ ಹೋಗಬಹುದು. ಊರಿನವರ ಮನೆಯಲ್ಲೇ ಉಳಿದು, ಅಲ್ಲಿಯವರನ್ನೇ ಗೈಡ್ ಆಗಿ ಕರೆದುಕೊಂಡರೆ ಹಣ ಅಲ್ಲೇ ಓಡಾಡುತ್ತದೆ. ಊರಿನವರಿಗೂ ಪಾಲು ಸಿಗಬೇಕು ಅನ್ನುವುದನ್ನು ಆಫ್ರಿಕಾದ ರುವಾಂಡಾ ದೇಶ ನಿಯಮವಾಗಿಯೇ ಮಾಡಿದೆ. ಗೊರಿಲ್ಲಾ ನೋಡಲು ಬರುವವರಿಂದ ಸಿಗುವ ಆದಾಯದಲ್ಲಿ ಒಂದು ಪಾಲು 2005ರಿಂದ ಕಾಡಂಚಿನ ಜನರಿಗೆ ಮೀಸಲು. ಮೊದಲು ಶೇ. 5 ಇತ್ತು, 2017ರಲ್ಲಿ ಶೇ. 10 ಆಯಿತು. ಶಾಲೆ, ಕುಡಿಯುವ ನೀರು, ಆಸ್ಪತ್ರೆಗೆ ಆ ಹಣ ಬಳಕೆಯಾಗುತ್ತದೆ. ಇದು ನನಗೆ ತುಂಬಾ ಹಿಡಿಸಿದ ವ್ಯವಸ್ಥೆ.

ಆದರೆ ಒಳ್ಳೆ ಮನಸ್ಸಿನಿಂದ ಹೋದರೂ ಊರಿಗೆ ಹೊರೆ ತಪ್ಪುವುದಿಲ್ಲ. ಮನೆಗಳೆಲ್ಲ ಪ್ರವಾಸಿಗರ ಬಾಡಿಗೆಗೆ ಹೋದರೆ ಅಲ್ಲೇ ದುಡಿಯುವವರಿಗೆ ಮನೆ ಸಿಗುವುದಿಲ್ಲ. ಸ್ಪೇನ್‌ನ ಬಾರ್ಸಿಲೋನಾ ನಗರ ಇದೇ ಕಾರಣಕ್ಕೆ 2028ರ ಕೊನೆಯೊಳಗೆ ಸುಮಾರು 10,000 ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿ ನಿಲ್ಲಿಸುವುದಾಗಿ 2024ರಲ್ಲಿ ಹೇಳಿತು. ನೀರಿನದೂ ಅದೇ ಕಥೆ. ಬೇಸಿಗೆಯಲ್ಲಿ ನಾವು ಅರ್ಧ ಗಂಟೆ ಶವರ್ ಕೆಳಗೆ ನಿಂತರೆ, ಪಕ್ಕದ ಮನೆಯವರು ಕೊಡ ಹಿಡಿದು ಟ್ಯಾಂಕರ್‌ಗೆ ಕಾಯುತ್ತಿರಬಹುದು. ಹಾಗೆ ಕಾಯುತ್ತಿದ್ದವರನ್ನು ಒಮ್ಮೆ ಕಿಟಕಿಯಿಂದ ನೋಡಿದ್ದೇನೆ, ಇನ್ನೂ ಮರೆತಿಲ್ಲ.

ಹಾಗಾಗಿ ಫೋನ್ ಮಾಡಿದಾಗ ಮೂರು ವಿಷಯ ಕೇಳಿ: ಮಾಲೀಕರು ಊರಿನವರೇ? ನೀರು ಎಲ್ಲಿಂದ ಬರುತ್ತದೆ? ಕಸ ಎಲ್ಲಿಗೆ ಹೋಗುತ್ತದೆ? ಸಿಕ್ಕ ಉತ್ತರವನ್ನು ಭಾನುವಾರದೊಳಗೆ ಇಲ್ಲೇ ಹಾಕಿ.